ಮಾವಂದಿರ ಬೆಂಚು

ಕಳೆದ ವಾರ ನಮ್ಮ ವಠಾರದ ಹಿಂದಿನ ಖಾಲಿ ಜಾಗದಲ್ಲಿ ಮಕ್ಕಳು ಶಟಲ್ ಆಡಲೆಂದು ಸುಣ್ಣದ ಗೆರೆ ಎಳೆದಿದ್ದರು. ಬೆಳಗಾಗುವಷ್ಟರಲ್ಲಿ ಒಂದು ಮಳೆ ಬಂದು ಹೋಗಿತ್ತು. ಕಿಟಕಿ ತೆರೆದರೆ ಒದ್ದೆ ಸುಣ್ಣದ ವಾಸನೆ. ಸುಣ್ಣಕ್ಕೆ ಎಂಥ ವಾಸನೆ ಎಂದು ನೀವು ಕೇಳಬಹುದು. ಎಲೆಯಡಿಕೆ ಹಾಕುವವರನ್ನು ಕೇಳಿ, ಹೇಳುತ್ತಾರೆ. ನನಗೆ ಆ ಅಭ್ಯಾಸವಿಲ್ಲ. ಆದರೂ ಆ ವಾಸನೆಯ ಗುರುತುಂಟು. ನಾನು ಓದಿದ ಹೈಸ್ಕೂಲಿನ ಡ್ರಿಲ್ ಮಾಸ್ತರು ಎಳೆದ ಗೆರೆಗಳನ್ನು ಮಳೆ ಒಂದಿಡೀ ಜೂನ್ ತಿಂಗಳು ತೊಳೆಯುವುದನ್ನು ಕ್ಲಾಸಿನ ಕಿಟಕಿಯಿಂದ ನೋಡಿದವನು ನಾನು.

ನೋಡಿದವನು ಎಂದು ಬರೆದೆನಲ್ಲ, ನಿಜವಾಗಿ ನೋಡಿದ್ದೆನೇ? ಮದರಾಸಿನ ಕಾಲೇಜಿನಲ್ಲಿ ಸಮಾಜಶಾಸ್ತ್ರ ಓದಿ ಬಂದ ಮೇಲೆ, ಯಾರು ಏನು ಹೇಳಿದರೂ ಸಾಕ್ಷಿ ಕೇಳುವ ಚಾಳಿ ನನಗೆ ಅಂಟಿಕೊಂಡಿತು. ಮನೆಯವರು ಇದನ್ನು ಹೇಗೋ ಸಹಿಸಿಕೊಂಡರು. ಈಗ ಬೇರೆ ಯಾರೂ ಸಿಗದಾಗ ನನ್ನ ನೆನಪನ್ನೇ ಕಟಕಟೆಗೆ ಹತ್ತಿಸುತ್ತೇನೆ. ನಾನು ಕೂರುತ್ತಿದ್ದದ್ದು ಗೋಡೆಯ ಪಕ್ಕವೋ ಕಿಟಕಿಯ ಪಕ್ಕವೋ ಎಂದು ಎರಡು ದಿನ ಯೋಚಿಸಿದೆ. ತೀರ್ಮಾನವಾಗಲಿಲ್ಲ. ಮಳೆ ಇತ್ತು ಎಂಬುದನ್ನಾದರೂ ಒಪ್ಪಿಕೊಂಡು ಮುಂದೆ ಹೋಗೋಣ. ನಮ್ಮ ಕಡೆ ಜೂನ್ ತಿಂಗಳಲ್ಲಿ ಮಳೆಗೆ ಸಾಕ್ಷಿ ಬೇಡ.

ಅದು ನಮ್ಮ ಕಾಸರಗೋಡು ಸೀಮೆ ಇನ್ನೂ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಕಾಲ. ನಮ್ಮ ಹೈಸ್ಕೂಲು ಬಂದ್ಯೋಡು ಪೇಟೆಯಿಂದ ಒಳಗೆ, ಕೆಂಪು ಮುರಕಲ್ಲಿನ ಗುಡ್ಡದ ಮೇಲೆ. ಆ ವರ್ಷ ಬಳ್ಳಾರಿ ಕಡೆಯಿಂದ ವಿರೂಪಾಕ್ಷಪ್ಪ ಎಂಬ ಹೊಸ ಡ್ರಿಲ್ ಮಾಸ್ತರು ಬಂದರು. ಎತ್ತರದ ಆಳು, ಕಪ್ಪು ಮೀಸೆ, ಇಸ್ತ್ರಿ ಮಾಡಿದ ಬಿಳಿ ಚಡ್ಡಿ. ಒಬ್ಬ ಮಾಸ್ತರರ ಮೊಣಕಾಲನ್ನು ನಾವು ಕಂಡದ್ದು ಅದೇ ಮೊದಲು. ಪ್ರತಿ ವಿದ್ಯಾರ್ಥಿಗೂ, ಹುಡುಗಿಯರಿಗೂ ಸಹ, ಅಂಗಸಾಧನೆ ಕಲಿಸಲೇಬೇಕೆಂದು ಮೇಲಿನಿಂದ ಆಜ್ಞೆ ಬಂದಿತ್ತು. ಇಡೀ ವರ್ಷದ ಕಾರ್ಯಕ್ರಮ ಹಾಕಿಕೊಡಿ ಎಂದು ಹೆಡ್‌ಮಾಸ್ತರರು ಅವರಿಗೆ ಹೇಳಿದರು.

ಅವರು ಹಾಕಿದರು. ಜೂನಿನಲ್ಲಿ ಓಟ, ಜುಲೈಯಲ್ಲಿ ಉದ್ದ ಜಿಗಿತ, ಆಗಸ್ಟಿನಲ್ಲಿ ಗುಂಡೆಸೆತ. ಬಳ್ಳಾರಿಯ ಆಕಾಶವನ್ನು ನಂಬಿ ಹಾಕಿದ ಕಾರ್ಯಕ್ರಮ ಅದು. ಜಿಗಿತಕ್ಕೆಂದು ತೋಡಿಸಿದ ಹೊಂಡದಲ್ಲಿ ವಾರದೊಳಗೆ ಕಪ್ಪೆಗಳು ಸಂಸಾರ ಹೂಡಿದವು. ಪಾಚಿ ಹಿಡಿದ ಮುರಕಲ್ಲಿನ ಮೇಲೆ ಮಾಸ್ತರು ಎರಡು ಸಲ ಜಾರಿ ಬಿದ್ದರು. ಕೊನೆಗೊಂದು ದಿನ ಜಗಲಿಯಲ್ಲಿ ನಿಂತು ಕೈ ಹೊರಗೆ ಚಾಚಿ, ಹತ್ತಿರವಿದ್ದ ಹುಡುಗರನ್ನು ಕೇಳಿದರು:

"ಈ ಮಳಿ ಯಾವಾಗ ನಿಲ್ತದಲೇ?"

"ಅಷ್ಟಮಿ ಕಳೀಬೇಕು ಸಾರ್."

"ಯಾವ ಅಷ್ಟಮಿ?"

"ಕೃಷ್ಣಾಷ್ಟಮಿ ಸಾರ್. ಮತ್ತೆಯೂ ಸ್ವಲ್ಪ ಉಂಟು."

"ಅಲ್ಲಿ ತನಕ ನೀವು ಏನು ಮಾಡ್ತೀರಪಾ?"

"ಒದ್ದೆಯಾಗ್ತೇವೆ ಸಾರ್" ಎಂದ ಮೊಗ್ರಾಲಿನಿಂದ ಬರುತ್ತಿದ್ದ ಒಬ್ಬ. ಮಾಸ್ತರು ಹೊಡೆಯುತ್ತಾರೆಂದು ನಾವು ಕಾದೆವು. ಅವರು ನಕ್ಕರು. ಯಾವುದನ್ನಾದರೂ ತಿಳಿದುಕೊಳ್ಳುವಾಗ ಅವರಿಗೆ ನಾಚಿಕೆ ಎಂಬುದು ಇರಲಿಲ್ಲ. ನಮ್ಮನ್ನೇ ಕೇಳಿ ಕಾರ್ಯಕ್ರಮವನ್ನು ತಲೆಕೆಳಗು ಮಾಡಿದರು. ಮಳೆಗಾಲಕ್ಕೆ ಜಗಲಿಯಲ್ಲಿ ದಂಡ, ಬಸ್ಕಿ, ಆಸನ; ಕಬಡ್ಡಿ ಮತ್ತು ಓಟ ಬಿಸಿಲು ಬಂದ ಮೇಲೆ. ನನ್ನನ್ನು ಅವರು ಯಾವ ಗುಂಪಿಗೂ ಸೇರಿಸಲಾಗದೆ ಕಷ್ಟಪಟ್ಟರು. "ಲೆಫ್ಟ್" ಎಂದಾಗ ಎಲ್ಲರ ಎಡಗಾಲು ಏಳುತ್ತಿತ್ತು, ನಾನು ಮಾತ್ರ ಯೋಚಿಸುತ್ತಿದ್ದೆ. "ನೀ ಮುಂದ ಪ್ರೊಫೆಸರ್ ಆಗ್ತಿ ಬಿಡು" ಎಂದು ಬಿಟ್ಟುಬಿಟ್ಟರು. ಅದನ್ನು ಆಶೀರ್ವಾದವೆಂದು ನಾನು ಬಹಳ ಕಾಲ ತಿಳಿದಿದ್ದೆ.

ಹುಡುಗಿಯರ ವಿಷಯದಲ್ಲಿ ಮಾತ್ರ ಅವರು ನಮ್ಮನ್ನು ಕೇಳಲಿಲ್ಲ. ಕೇಳಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ.

ಶಾಲೆಯಲ್ಲಿ ಹುಡುಗಿಯರು ಬೆರಳೆಣಿಕೆಯಷ್ಟು. ಅವರಲ್ಲಿ ನನ್ನ ಅಕ್ಕ ಸುಮತಿ ಒಬ್ಬಳು, ಐದನೇ ಫಾರ್ಮು; ಹೈಸ್ಕೂಲು ಮುಗಿಯಲು ಇನ್ನೊಂದು ವರ್ಷ. ಟೀಚರಾಗಬೇಕೆಂದು ಅವಳ ಆಸೆ. ನಮ್ಮ ಬಳಗದಲ್ಲಿ ಆವರೆಗೆ ಹೈಸ್ಕೂಲು ಮುಗಿಸಿದ ಹೆಣ್ಣಿರಲಿಲ್ಲ. ಒಂದು ದಿನ ಬೆಲ್ ಹೊಡೆದ ಮೇಲೆ ಅವಳು ಒಂದು ಕೈಯಲ್ಲಿ ಓಲೆಕೊಡೆ ಹಿಡಿದು, ಇನ್ನೊಂದರಲ್ಲಿ ಲಂಗ ಎತ್ತಿಕೊಂಡು, ಗುಡ್ಡದ ಮೆಟ್ಟಿಲುಗಳನ್ನು ಓಡಿ ಹತ್ತಿದ್ದನ್ನು ಮಾಸ್ತರು ನೋಡಿಬಿಟ್ಟರು. ಜಾರದೆ ಹತ್ತಿದ್ದಳು. ಎರಡು ಸಲ ಬಿದ್ದ ಮನುಷ್ಯನಿಗೆ ಅದರ ಬೆಲೆ ಗೊತ್ತಿರಬೇಕು. ಹುಡುಗಿಯರಿಗೆ ಹಗ್ಗದ ಬಳೆ ಎಸೆದು ಹಿಡಿಯುವ ರಿಂಗಾಟ, ಜೊತೆಗೆ ಓಟ ಎಂದು ಕಾರ್ಯಕ್ರಮದಲ್ಲಿ ಸೇರಿಸಿ, ಒಪ್ಪಿಗೆ ಕೇಳಲು ಒಂದು ಭಾನುವಾರ ನಮ್ಮ ಮನೆಗೇ ಬಂದರು.

ನಮ್ಮದು ಅಳಿಯಸಂತಾನದ ಮನೆ, ಮಕ್ಕಳು ತಾಯಿಯ ಕಡೆಗೆ ಸೇರಿದವರು. ಇದ್ದದ್ದು ಅಮ್ಮನ ತರವಾಡು ಮನೆಯಲ್ಲಿ. ಯಜಮಾನರು ಮಾವ, ಅಮ್ಮನ ಅಣ್ಣ. ಅಪ್ಪ ಕಾಸರಗೋಡಿನ ಒಬ್ಬ ವಕೀಲರಲ್ಲಿ ಗುಮಾಸ್ತರಾಗಿದ್ದರು. ಶನಿವಾರದ ಬಸ್ಸಿಗೆ ಬಂದು ಸೋಮವಾರದ ಬಸ್ಸಿಗೆ ಹೋಗುತ್ತಿದ್ದರು. ಊಟಕ್ಕೆ ಮೊದಲ ಎಲೆ ಅವರಿಗೆ, ಮಾತು ಮಾತ್ರ ಯಾರೂ ಕೇಳುತ್ತಿರಲಿಲ್ಲ. ಆ ಭಾನುವಾರ ಮಾವ ಮಧೂರಿಗೆ ಹೋಗಿದ್ದರು. ಜಗಲಿಯಲ್ಲಿ ಅಪ್ಪ ಒಬ್ಬರೇ.

"ನಿಮ್ಮ ಮಗಳು ಛಲೋ ಓಡ್ತಾಳ್ರಿ. ನಿಮ್ಮ ಒಪ್ಪಿಗಿ ಬೇಕಾಗಿತ್ತು" ಎಂದರು ಮಾಸ್ತರು.

"ನನ್ನದಾ?"

"ಮತ್ಯಾರದ್ರಿ? ತಂದಿ ನೀವಲ್ಲೇನು?"

"ಹೌದು. ತಂದೆ ನಾನೇ" ಎಂದರು ಅಪ್ಪ. ಆಮೇಲೆ ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದು, ಗುಂಡಿ ಸರಿಮಾಡಿಕೊಂಡು ಕೂತು ಹೇಳಿದರು: "ಓಡಲಿ. ನನ್ನ ಪೂರ್ಣ ಒಪ್ಪಿಗೆ ಉಂಟು. ಬೇಕಾದರೆ ಹಾರಲಿ ಸಹ."

ಅಪ್ಪ ಇದನ್ನೆಲ್ಲ ಹೇಳಿದ್ದು ಕನ್ನಡದಲ್ಲೋ ತುಳು ಬೆರೆಸಿದ ಕನ್ನಡದಲ್ಲೋ ನನಗೆ ಖಾತ್ರಿಯಿಲ್ಲ. ಮನೆಯೊಳಗಿನ ನಮ್ಮ ಮಾತೆಲ್ಲ ತುಳುವೇ. ಅದನ್ನು ನಾನು ಕನ್ನಡಕ್ಕೆ ತಿರುಗಿಸಿ ಬರೆಯುವಾಗಲೇ ಎಷ್ಟೋ ಬದಲಾಗಿರುತ್ತದೆ. ಅಂಗಿ ಹಾಕಿಕೊಂಡದ್ದು ಮಾತ್ರ ನಿಜ. ಅದಕ್ಕೆ ಅನುವಾದ ಬೇಕಾಗಿಲ್ಲ.

ಸಂಜೆ ಮಾವ ಬಂದರು. ಕಾಲು ತೊಳೆಯುವಾಗಲೇ ಅಜ್ಜಿ ಸುದ್ದಿ ಹೇಳಿದರು.

"ಕೇಳಿದ್ದು ಯಾರ ಹತ್ತಿರ?"

"ನಿನ್ನ ಭಾವನ ಹತ್ತಿರ."

"ಭಾವ ಎಂತ ಹೇಳಿದರು?"

"ಹಾರಲಿ ಸಹ ಅಂದರಂತೆ."

ಮಾವ ಕಾಲು ತೊಳೆದು ಮುಗಿಸಿದರು. "ಸರಿ. ನಾಳೆಯಿಂದ ಸುಮತಿ ಶಾಲೆಗೆ ಹೋಗುವುದು ಬೇಡ." ದನಿ ಏರಿಸಲಿಲ್ಲ. ಏರಿಸಿದ್ದರೆ ಅಮ್ಮ ಏನಾದರೂ ಹೇಳುತ್ತಿದ್ದಳೋ ಏನೋ. ಮರುದಿನ ಬೆಳಿಗ್ಗೆ ಅಪ್ಪ ಕೊಡೆ ಹಿಡಿದು ಬಸ್ಸಿಗೆ ನಡೆದರು. ನಾನು ಒಬ್ಬನೇ ಶಾಲೆಗೆ ಹೋದೆ. ಅಕ್ಕ ಅಡಿಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತ ಕೂತಳು. ತುರಿದದ್ದು ಸಾಕೆಂದರೂ ತುರಿಯುತ್ತಿದ್ದಳಂತೆ.

ಮಾಸ್ತರಿಗೆ ತಾವು ತಪ್ಪು ಮನುಷ್ಯನನ್ನು ಕೇಳಿದೆವೆಂದು ತಿಳಿಯಲು ಕೆಲವು ದಿನ ಹಿಡಿಯಿತು. ತಿಳಿದ ಕೂಡಲೇ ಮತ್ತೆ ಬಂದರು. ಮಾವ ಚಾವಡಿಯಲ್ಲಿ ಕೂರಿಸಿ ಬೆಲ್ಲ, ನೀರು ಕೊಟ್ಟರು. ಬಂದವರಿಗೆ ಬೆಲ್ಲ ನೀರು ಕೊಡದಷ್ಟು ಸಿಟ್ಟು ನಮ್ಮ ಕಡೆ ಯಾರಿಗೂ ಬರುವುದಿಲ್ಲ.

"ತಪ್ಪಾತ್ರಿ. ನಮ್ಮ ಕಡೆ ತಂದೀನ್ನ ಕೇಳೋದು."

"ನಿಮ್ಮ ಕಡೆ ಅದು ಸರಿ. ಇದು ನಿಮ್ಮ ಕಡೆ ಅಲ್ಲವಲ್ಲ ಮಾಸ್ಟ್ರೇ. ಹುಡುಗಿ ಈ ಮನೆಯವಳು. ಭಾವ ಈ ಮನೆಗೆ ನೆಂಟರು."

"ಹಂಗಾರ ಈಗ ನಿಮ್ಮನ್ನ ಕೇಳ್ತೀನಿ."

"ಈಗ ಕೇಳಿ ಎಂತ ಪ್ರಯೋಜನ? ಉತ್ತರ ಸಿಕ್ಕಿ ಆಗಿದೆಯಲ್ಲ ನಿಮಗೆ."

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಎದ್ದು ಹೋಗುತ್ತಿದ್ದರು. ಮಾಸ್ತರು ಒಂದು ತುಂಡು ಬೆಲ್ಲ ಬಾಯಿಗೆ ಹಾಕಿಕೊಂಡು, ಮಳೆಯ ಬಗ್ಗೆ ನಮ್ಮನ್ನು ಕೇಳಿದ ಹಾಗೆಯೇ ಕೇಳಿದರು: "ತಿಳೀಲಿಕ್ಕೆ ಕೇಳ್ತೀನ್ರಿ, ಸಿಟ್ಟಾಗಬ್ಯಾಡ್ರಿ. ನಿಮಗೂ ಮಗಳದಾಳೇನು?"

"ಉಂಟು. ಅವಳ ಅಮ್ಮನ ಮನೆಯಲ್ಲಿ."

"ಅಕೀ ಓಡಬೇಕಂದ್ರ ಯಾರನ್ನ ಕೇಳಬೇಕು?"

"ಅವಳ ಮಾವನನ್ನು."

"ನಿಮ್ಮನ್ನ?"

ಮಾವ ಬೆಲ್ಲದ ತಟ್ಟೆಯನ್ನು ಮಾಸ್ತರ ಕಡೆ ಸರಿಸಿದರು. "ಇನ್ನೊಂದು ತಕ್ಕೊಳ್ಳಿ. ನೋಡದೆ ಎಂತ ಹೇಳುವುದು ನಾನು? ಶುಕ್ರವಾರ ಬರ್ತೇನೆ. ಸುಮತಿಯೂ ಬರಲಿ."

ಈ ಸಂಭಾಷಣೆಯ ಮೇಲೆ ನನಗೆ ಭಾರಿ ಸಂಶಯವುಂಟು. ಇಷ್ಟು ಸರಿಯಾದ ಪ್ರಶ್ನೆಯನ್ನು ಒಬ್ಬ ಡ್ರಿಲ್ ಮಾಸ್ತರು ಕೇಳಿದರೇ? ಅಥವಾ ಕಾಲೇಜಿನಲ್ಲಿ ಕುಟುಂಬಪದ್ಧತಿಗಳ ಬಗ್ಗೆ ಓದಿದ ಮೇಲೆ ನಾನೇ ಅದನ್ನು ಅವರ ಬಾಯಿಗೆ ಹಾಕಿದೆನೇ? ಹೇಗೂ ಇರಲಿ, ಶುಕ್ರವಾರ ಕೊನೆಯ ಪೀರಿಯಡ್ಡಿಗೆ ಮಾವ ಶಲ್ಯ ಹೊದ್ದು ಗುಡ್ಡ ಹತ್ತಿದ್ದನ್ನು ಇಡೀ ಶಾಲೆ ನೋಡಿದೆ. ಕೂರಲು ಒಂದು ಬೆಂಚು ಹೊರಗೆ ಜಗಲಿಗೆ ಬಂತು. ಮುಂದಿನ ಶುಕ್ರವಾರ ಇನ್ನೊಬ್ಬಳ ಮಾವ ಬಂದರು. ಆ ಮನೆಯ ಯಜಮಾನರು ಹೋಗಿದ್ದಾರೆಂದರೆ ಈ ಮನೆಯವರು ಹೋಗದಿರುವುದು ಹೇಗೆ? ಮಳೆ ಬಿಡುವ ಹೊತ್ತಿಗೆ ಬೆಂಚು ತುಂಬಿತು. ಭಟ್ಟರ ಮಗಳೊಬ್ಬಳಿದ್ದಳು, ಅವರಲ್ಲಿ ಅಳಿಯಸಂತಾನವಿಲ್ಲ, ಅವಳ ಪಾಲಿಗೆ ಅಪ್ಪನೇ ಬಂದರು. ಈಗ ಪಾಠ ಕಲಿತಿದ್ದ ಮಾಸ್ತರು ಹೊಸಬರು ಬಂದ ಕೂಡಲೇ ಕೈಮುಗಿದು ಕೇಳುತ್ತಿದ್ದರು: "ತಾವು ತಂದಿನೋ, ಮಾವನೋ?"

ಸುಮ್ಮನೆ ಕೂತವರನ್ನು ಕಂಡರೆ ವಿರೂಪಾಕ್ಷಪ್ಪನವರಿಗೆ ಆಗುತ್ತಿರಲಿಲ್ಲ. ಬೆಂಚಿನವರನ್ನು ಎಬ್ಬಿಸಿ ರಿಂಗಾಟದ ಗೆರೆ ಕಾಯಲು ನಿಲ್ಲಿಸಿದರು. ಮಾವನಷ್ಟು ಕಟ್ಟುನಿಟ್ಟಿನ ಅಂಪೈರನ್ನು ನಾನು ಮತ್ತೆ ಕಂಡಿಲ್ಲ.

"ಔಟ್!"

"ಮಾವ, ಗೆರೆ ಮುಟ್ಟಲಿಲ್ಲ!" ಅಕ್ಕ ಕೂಗುತ್ತಿದ್ದಳು.

"ನನಗೆ ಕಣ್ಣುಂಟು. ಔಟೆಂದರೆ ಔಟು."

"ಮನೆಯವರಿಗೇ ಔಟ್ ಕೊಡ್ತೀರಲ್ಲ ಮಾರಾಯ್ರೆ" ಎಂದು ಬೆಂಚಿನಿಂದ ಯಾರೋ ಹಂಗಿಸಿದರು. "ನಿಮ್ಮವಳು ಬರಲಿ, ಅವಳಿಗೂ ಕೊಡ್ತೇನೆ" ಎಂದರು ಮಾವ.

ಅಕ್ಕ ಆ ವರ್ಷವೂ ಮುಂದಿನ ವರ್ಷವೂ ಶಾಲೆಗೆ ಹೋದಳು, ಟೀಚರಾದಳು, ರಿಟೈರೂ ಆದಳು. ಈ ಕತೆಯನ್ನು ನಾನು ಬೇಕಾದಷ್ಟು ಸಲ ಹೇಳಿದ್ದೇನೆ. ಹೇಳುವಾಗೆಲ್ಲ ಅದು ಮಾವ ಬದಲಾದ ಕತೆ, ಒಂದು ಪ್ರಶ್ನೆ ಗೆದ್ದ ಕತೆ. ಅಪ್ಪ ಅದರಲ್ಲಿ ಕೊಡೆ ಹಿಡಿದು ಹೊರಟುಹೋಗುವವರು.

ಮೊನ್ನೆ ಅಕ್ಕನ ಮನೆಗೆ ಹೋದಾಗ, ಚಾವಡಿಯ ಆ ಮಾತುಕತೆಗೆ ನಾನು ನಿಜವಾಗಿ ಸಾಕ್ಷಿಯಾಗಿದ್ದೆನೇ ಎಂದು ಕೇಳಿದೆ.

"ನೀನಾ? ಹಲಸಿನ ಹಣ್ಣು ತಿಂದು ಹೊಟ್ಟೆನೋವೆಂದು ಒಳಗೆ ಮಲಗಿದ್ದೆ. ಬಾಗಿಲ ಹಿಂದೆ ಇದ್ದದ್ದು ನಾನು. ನಾನು ಹೇಳಿದ್ದನ್ನೇ ನೀನು ಊರಿಡೀ ಹೇಳಿಕೊಂಡು ತಿರುಗಿದ್ದು."

ಸೋತೆನಲ್ಲ ಎಂದು ವಿಷಯ ಬದಲಿಸಿದೆ. "ಪಾಪ, ಅಪ್ಪನಿಗೆ ಮಾತ್ರ ನೀನು ಓಡುವುದನ್ನು ನೋಡಲು ಸಿಗಲಿಲ್ಲ. ಆಟ ಶುಕ್ರವಾರ, ಅವರು ಬರುವುದು ಶನಿವಾರ."

ಅಕ್ಕ ನನ್ನ ಮುಖ ನೋಡಿದಳು. "ಸಿಗಲಿಲ್ಲ ಅಂತ ಯಾರು ಹೇಳಿದ್ದು? ಶನಿವಾರ ಬಂದು ಚಾ ಕುಡಿದ ಕೂಡಲೇ ಕೇಳುತ್ತಿದ್ದರು, ನಿನ್ನೆ ಎಂತ ಕಲಿಸಿದರು ತೋರಿಸು ಅಂತ. ಅಂಗಳದಲ್ಲಿ ಓಡಿ ತೋರಿಸುತ್ತಿದ್ದೆ. ಅಂಗಿ ತೆಗೆಯದೆ ಜಗಲಿಯಲ್ಲಿ ನಿಂತು ನೋಡುತ್ತಿದ್ದರು."

"ಮಾವನ ಎದುರಿಗೆ?"

"ಮಾವ ಆ ಹೊತ್ತಿಗೆ ಬೈರಾಸು ಹೆಗಲಿಗೆ ಹಾಕಿಕೊಂಡು ಗದ್ದೆ ಕಡೆ ಹೋಗುತ್ತಿದ್ದರಲ್ಲ. ಅಜ್ಜಿ ಕರೆದರೂ ನಿಲ್ಲುತ್ತಿರಲಿಲ್ಲ."

ಹೋಗುತ್ತಿದ್ದರು. ಅದು ನನಗೂ ನೆನಪುಂಟು. ಅಪ್ಪನನ್ನು ಕಂಡರೆ ಮಾವನಿಗೆ ಆಗುವುದಿಲ್ಲ, ಅದಕ್ಕೇ ಅವರು ಬಂದ ಕೂಡಲೇ ಎದ್ದು ಹೋಗುತ್ತಾರೆ ಎಂದು ನಾನು ಈ ವಯಸ್ಸಿನ ತನಕ ನಂಬಿಕೊಂಡು ಬಂದಿದ್ದೆ. ಶನಿವಾರ ಸಂಜೆಯೇ ಗದ್ದೆಯಲ್ಲಿ ಅಂಥ ಏನು ಕೆಲಸವಿತ್ತೆಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

"ಬಾವಿಕಟ್ಟೆಯಿಂದ ದನದ ಹಟ್ಟಿಯ ತನಕ ಓಟ" ಎಂದು ಅಕ್ಕ ಮುಂದುವರಿಸಿದಳು. "ಪಪ್ಪಾಯಿ ದಂಟಿನ ಸೀಟಿ ಮಾಡಿ ಊದುತ್ತಿದ್ದದ್ದು ನೀನೇ ಅಲ್ಲವಾ? ನೀನು ಯೋಚಿಸಿ ಯೋಚಿಸಿ ಊದುವುದು, ಅಷ್ಟರಲ್ಲಿ ನಾನು ಓಡಿ ಆಗಿರುತ್ತಿತ್ತು. ಅಪ್ಪ ನಗಾಡುವುದೇ ನಗಾಡುವುದು. ಮರೆತುಹೋಯಿತಾ?"

ಎಷ್ಟು ತಡಕಿದರೂ ನನ್ನ ತಲೆಯಲ್ಲಿ ಆ ಸೀಟಿ ಇಲ್ಲ, ಆ ಅಂಗಳದಲ್ಲಿ ನಾನಿಲ್ಲ, ಅಪ್ಪನ ಆ ನಗುವೂ ಇಲ್ಲ. ಬೇರೆ ದಿನವಾಗಿದ್ದರೆ ಸಾಕ್ಷಿ ಏನು ಎಂದು ಕೇಳುತ್ತಿದ್ದೆ. ಅಪ್ಪ ಹೇಗೆ ನಗಾಡುತ್ತಿದ್ದರು, ಸ್ವಲ್ಪ ಹೇಳು ಎಂದೆ.