ಮಾಸ್ತರರನ್ನು ಕೂರಿಸಲೆಂದೇ ತೆಗೆದ ಐಸ್‌ಕ್ರೀಮ್ ಅಂಗಡಿ

ಬಸವಕಲ್ಯಾಣದ ಬಸ್‌ಸ್ಟ್ಯಾಂಡಿನ ಎದುರು ನಾನು ಐಸ್‌ಕ್ರೀಮ್ ಅಂಗಡಿ ತೆಗೆದದ್ದು ಹೊಟ್ಟೆಪಾಡಿಗೆ ಎಂದು ಊರಿನವರು ತಿಳಿದಿದ್ದಾರೆ. ಸುಳ್ಳು. ಒಬ್ಬ ಮನುಷ್ಯನ ಮೇಲಿನ ಸಿಟ್ಟಿಗೆ ತೆಗೆದೆ. ಅದನ್ನು ಹೇಳಲು ನನಗೆ ನಾಚಿಕೆಯೂ ಇಲ್ಲ.

ಆ ಮನುಷ್ಯ ಹುಮನಾಬಾದಿನ ಸಂಗೀತ ಮಾಸ್ತರ. ಎಪ್ಪತ್ತರ ದಶಕದಲ್ಲಿ ನಾನು ಅಲ್ಲಿ ಕಾಲೇಜು ಕಲಿಯುತ್ತಿದ್ದೆ. ಹೈದರಾಬಾದಿನ ಸೋದರಮಾವನ ಮನೆಯಿಂದ ಒಂದು ಹಳೆಯ ಗಿಟಾರ್ ಮತ್ತು ರಾಕ್ ಹಾಡಿನ ಹುಚ್ಚು, ಎರಡನ್ನೂ ಹೊತ್ತು ತಂದಿದ್ದೆ. ಕಾಲೇಜಿನ ವಾರ್ಷಿಕೋತ್ಸವದ, ನಮ್ಮ ಕಡೆಯ ಮಾತಿನಲ್ಲಿ ಗ್ಯಾದರಿಂಗಿನ, ದಿನ ವೇದಿಕೆ ಹತ್ತಿ, ನನಗೆ ಪ್ರಾಣವಾಗಿದ್ದ ಒಂದು ಹಾಡು ಶುರು ಮಾಡಿದೆ. ಅರ್ಧಕ್ಕೂ ಬಂದಿರಲಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ಮಾಸ್ತರರು ಎದ್ದು ಬಂದು ತಂತಿಗಳ ಮೇಲೆ ಅಂಗೈ ಇಟ್ಟರು.

“ಸಾಕ್ ಮಾಡೋ ತಮ್ಮ. ಎಮ್ಮಿ ಈಯಾಕತ್ತದೇನು?” ಎಂದು ಮೈಕಿನಲ್ಲೇ ಕೇಳಿದರು.

ಪೆಂಡಾಲಿಗೆ ಪೆಂಡಾಲೇ ಬಿದ್ದು ಬಿದ್ದು ನಕ್ಕಿತು. ನಮ್ಮದು ಪಕ್ಕದ ಕೊಡಂಬಲ ಹಳ್ಳಿಯಲ್ಲಿ ಎಮ್ಮೆ ಕಟ್ಟಿ ಬದುಕಿದ ಮನೆ. ಹಿಂದೆ ನಿಂತು ನೋಡುತ್ತಿದ್ದ ಅಪ್ಪ ತಲೆ ತಗ್ಗಿಸಿ ಹೊರಗೆ ಹೋದ. ಮರುದಿನದಿಂದ ನಾನು ಬಸ್ ಹತ್ತಿದರೆ ಸಾಕು, ಹಿಂದಿನ ಸೀಟಿನಲ್ಲಿ ಎಮ್ಮೆ ಕೂಗುತ್ತಿತ್ತು. ಗಿಟಾರನ್ನು ಮತ್ತೆ ಮುಟ್ಟಲಿಲ್ಲ. ಆದರೆ ಈ ಮುದುಕನನ್ನು ಕೂರಿಸಿ, ಆ ಹಾಡನ್ನು ಮೊದಲಿನಿಂದ ಕೊನೆಯವರೆಗೆ ಕೇಳಿಸಿಯೇ ತೀರುತ್ತೇನೆ ಎಂದು ಹಲ್ಲು ಕಚ್ಚಿದೆ.

ಹೇಗೆ ಕೂರಿಸುವುದು? ಚಹಾ ಮಾರಿದರೆ ನಿಂತೇ ಕುಡಿದು ಹೋಗುತ್ತಾರೆ. ಪೇಡೆ ಮಾರಿದರೆ ಕಾಗದದಲ್ಲಿ ಕಟ್ಟಿಸಿಕೊಂಡು ಹೋಗುತ್ತಾರೆ. ಐಸ್‌ಕ್ರೀಮ್ ಹಾಗಲ್ಲ. ನಮ್ಮ ಬಿಸಿಲಿನಲ್ಲಿ ಅದನ್ನು ಹೊರಗೆ ಒಯ್ಯುವಂತಿಲ್ಲ, ಕೂತೇ ತಿನ್ನಬೇಕು. ಹುಮನಾಬಾದಿನಲ್ಲೇ ಅಂಗಡಿ ತೆಗೆದರೆ ಬಾಗಿಲಲ್ಲೂ ಎಮ್ಮೆ ಕೂಗುತ್ತದೆಂದು ಬಸವಕಲ್ಯಾಣಕ್ಕೆ ಬಂದೆ.

ಮನೆಯ ಹಾಲನ್ನೇ ಕಾಸಿ ಇಂಗಿಸಿ, ತಗಡಿನ ಡಬ್ಬಿಗೆ ಸುರಿದು, ಅದನ್ನು ಮರದ ಬಕೆಟ್ಟಿನಲ್ಲಿಟ್ಟು, ಸುತ್ತ ಐಸು, ಹರಳುಪ್ಪು ತುಂಬಿ ಹಿಡಿಕೆ ತಿರುಗಿಸುತ್ತಿದ್ದೆ. ತೋಳು ಸೋತಾಗ ಮಾಸ್ತರರ ಮುಖ ನೆನೆಸಿಕೊಂಡರೆ ಎಲ್ಲಿಂದಲೋ ಬಲ ಬರುತ್ತಿತ್ತು. ಹಾಡು ಮುಗಿಯುವ ಮೊದಲೇ ಕಪ್ ಖಾಲಿಯಾಗಬಾರದೆಂದು ಚಮಚ ಇಳಿಯದಷ್ಟು ಗಟ್ಟಿ ಮಾಡಿದೆ.

“ಏನ್ ಘಟ್ಟಿ ಮಾಡ್ತೀರಿ ಸಾಹೇಬ್ರ, ಇಂಥಾದ್ದು ಎಲ್ಲೂ ತಿಂದಿಲ್ಲ ನೋಡ್ರಿ” ಎಂದು ಗಿರಾಕಿಗಳು ಹೊಗಳಿದರು. ಹೊಗಳಲಿ ಬಿಡಿ, ಅವರಿಗೇನು ಗೊತ್ತು! ದುಬೈಗೆ ಹೋದ ಗೆಳೆಯ ತಂದುಕೊಟ್ಟ ಟೇಪ್ ರೆಕಾರ್ಡರಿನಲ್ಲಿ ದಿನವಿಡೀ ರಾಕ್ ಹಚ್ಚಿಡುತ್ತಿದ್ದೆ. ಹುಮನಾಬಾದಿನವರು ಯಾರೇ ಬರಲಿ, “ನಿಮ್ಮ ಸಂಗೀತ ಮಾಸ್ತರಗ ಒಮ್ಮೆ ಬಂದು ಹೋಗ್ಲಿಕ್ಕ ಹೇಳ್ರಿ” ಎನ್ನುತ್ತಿದ್ದೆ.

ಐದು ಬೇಸಿಗೆ ಕಾದೆ. ಆರನೆಯದರಲ್ಲಿ, ಒಂದು ಮಟಮಟ ಮಧ್ಯಾಹ್ನ, ಮೊಮ್ಮಗಳ ಕೈ ಹಿಡಿದು ಬಂದರು.

“ಬರ್ರಿ ಮಾಸ್ತರ, ಕೂಡ್ರಿ” ಎಂದೆ. ದೊಡ್ಡ ಕಪ್ಪಿನ ತುಂಬ ಹಾಕಿಕೊಟ್ಟೆ. ಆ ಹಾಡನ್ನು ಹಚ್ಚಿ, ಸೌಂಡು ಪೂರ್ತಿ ಏರಿಸಿ, ಎದ್ದು ಹೋಗದಂತೆ ಬಾಗಿಲಿಗೆ ಅಡ್ಡ ನಿಂತೆ. ಈಗ ಕೇಳು ಮಗನೆ!

ಅವರು ಏಳಲಿಲ್ಲ. ಕಣ್ಣು ಮುಚ್ಚಿದರು. ಬೆರಳುಗಳು ಟೇಬಲ್ಲಿನ ಮೇಲೆ ತಾಳ ಹಾಕತೊಡಗಿದವು. ಅಷ್ಟು ಗಟ್ಟಿಯಾದ ಐಸ್‌ಕ್ರೀಮ್ ಅವರ ಮುಂದೆ ಕರಗಿ ನೀರಾಯಿತು, ಅವರಿಗೆ ಅದರ ಖಬರೇ ಇರಲಿಲ್ಲ.

ಹಾಡು ಮುಗಿಯಿತು. “ಅವತ್ತ ನೀ ಬಾರಿಸಿದ್ದು ಇದೇ ಹಾಡೇನೋ ತಮ್ಮ?” ಎಂದರು.

“ಹೌದ್ರಿ,” ಎದೆ ಸೆಟೆಸಿ ಹೇಳಿದೆ.

“ಭಾಳ ಛಲೋ ಅದ. ಹಾಡಿಂದೇನೂ ತಪ್ಪಿದ್ದಿಲ್ಲ ಬಿಡು. ನೀ ಕೆಡಸಾಕತ್ತಿದ್ದಿ, ಅದಕ್ಕ ಕೈ ಇಟ್ಟೆ.”

ಮೈಯೆಲ್ಲ ಉರಿಯಿತು. ಬಯ್ದಿದ್ದರೆ ಜಗಳ ತೆಗೆಯಬಹುದಿತ್ತು. ಅವರು ಮೆಲ್ಲಗೆ, ಪಾಠ ಹೇಳಿದ ಹಾಗೆ ಹೇಳಿದ್ದರು. ಅಂದು ವೇದಿಕೆಯ ಮೇಲೆ ನನ್ನ ಬೆರಳು ಎರಡು ಸಲ ತಪ್ಪಿದ್ದು ನನಗೂ ಗೊತ್ತಿತ್ತು.

“ಇನ್ನೊಮ್ಮೆ ಹಚ್ಚೋ, ಕೇಳ್ತೀನಿ” ಎಂದರು.

“ಟೇಪ್ ಕೆಟ್ಟದ್ರಿ,” ಎಂದೆ.