ಅಂಗಾಲಿನ ಕಪ್ಪು

ಬೆಳಿಗ್ಗೆ ಅಂಗಳ ಗುಡಿಸಿದೆ, ನಲ್ಲಿ ನೀರು ಹಿಡಿದೆ, ಜೋಳದ ಹಿಟ್ಟು ಸಾಣಿಸಿದೆ, ಇವರ ಅಂಗಾಲಿನ ಪಟ್ಟಿ ಬದಲಿಸಿದೆ. ಮಧ್ಯಾಹ್ನ ಮಸಾಲೆ ಡಬ್ಬಿಗಳನ್ನು ಬಿಸಿಲಿಗಿಡುವಾಗ ಒಂದರ ತಳದಲ್ಲಿ ಕೇರುಬೀಜ ಸಿಕ್ಕಿತು. ನೀವೂ ನೋಡಿರುತ್ತೀರಿ, ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕರಿ ಬೀಜ. ಕಾಯಿಸಿದರೆ ಎಣ್ಣೆ ಜಿನುಗುತ್ತದೆ. ನಮ್ಮ ಕಡೆ ಕಾಲಲ್ಲಿ ಮುಳ್ಳು ಮುರಿದರೂ, ಆಣಿ ಎದ್ದರೂ ಅದೇ ಮದ್ದು.

ನಮ್ಮ ಮನೆಯವರು ಭೀಮರಾಯನಗುಡಿಯ ಕಡೆ ಕಾಲುವೆ ಗೇಟು ನೋಡಿಕೊಳ್ಳುತ್ತಿದ್ದರು. ಕೆಸರಲ್ಲಿ ಚಪ್ಪಲಿ ಹೂತುಹೋಗುತ್ತದೆಂದು ದಂಡೆಯ ಮೇಲೆ ಬರಿಗಾಲಲ್ಲೇ ಓಡಾಟ. ಅಂಗಾಲಲ್ಲಿ ಕಪ್ಪು ಚುಕ್ಕಿ ಕಂಡಾಗ, "ಜಾಲಿ ಮುಳ್ಳು ಮುರದದ, ತಗೋ" ಎಂದು ತಾವೇ ಸೂಜಿಯನ್ನು ಕೇರೆಣ್ಣೆಯಲ್ಲಿ ಅದ್ದಿ ಚುಚ್ಚಿಕೊಂಡರು. ಆ ಎಣ್ಣೆ ತಾಗಿದ ಚರ್ಮ ಕಪ್ಪಾಗುವುದೇ. ಚುಕ್ಕಿ ಅಗಲವಾದಾಗ ಎಣ್ಣೆ ಹಬ್ಬಿದೆ ಎಂದುಕೊಂಡೆವು. ಮತ್ತೆ ಹಚ್ಚಿದರು, ಮತ್ತೆ ಅಗಲವಾಯಿತು. ಒಂದು ಕಪ್ಪಿನ ಅಡಿಯಲ್ಲಿ ಇನ್ನೊಂದು ಕಪ್ಪು ಬೆಳೆಯುತ್ತಿದೆ ಎಂದು ಯಾರಿಗೆ ಹೊಳೆಯಬೇಕು? ತೊಡೆಸಂದಿಯಲ್ಲಿ ಗಂಟು ಎದ್ದ ಮೇಲೆ ಕಲಬುರಗಿಗೆ ಹೋದೆವು. ಚರ್ಮದ ಕ್ಯಾನ್ಸರ್ ಎಂದರು. ಅಷ್ಟರಲ್ಲಿ ಅದು ಶ್ವಾಸಕೋಶಕ್ಕೂ ಹೋಗಿತ್ತು.

ಸಿರಿಂಜು ಕಂಡರೆ ನಾನು ಗೋಡೆಗೆ ಮುಖ ಮಾಡುವವಳು. ರಕ್ತ ಕೊಡುವವರು ಅವರು, ನೀರು ಕುಡಿಸಿ ಕೂರಿಸಬೇಕಾದ್ದು ನನ್ನನ್ನು! ಅದೆಷ್ಟು ಸಲ ರಕ್ತ ತೆಗೆಯುತ್ತೀರಿ ಎಂದು ಕೇಳಿದ್ದಕ್ಕೆ ಡಾಕ್ಟರಮ್ಮ ತಾಳ್ಮೆಯಿಂದ ಹೇಳಿದರು:

"ಕ್ಯಾನ್ಸರ್ ಗಡ್ಡಿ ಬೆಳಿಬೇಕಂದ್ರ ಅದಕ್ಕ ರಕ್ತ ಬೇಕಲ್ರಿ ಅಕ್ಕಾರ. ಹೊಸ ರಕ್ತನಾಳ ತನ್ನ ಕಡಿ ಬೆಳೀಲಿ ಅಂತ ಅದು ಏನೇನೋ ವಸ್ತು ಬಿಡ್ತದ. ಅವು ರಕ್ತದಾಗ ಎಷ್ಟವ ಅಂತ ನೋಡಾಕತ್ತೀವಿ."

ಇವರು ನಕ್ಕುಬಿಟ್ಟರು. "ಅಂದ್ರ ಕಳ್ಳ ಪೈಪ್ ಹಾಕ್ಯಾನನ್ರಿ! ಕಾಲುವಿ ಒಡದು ನೀರು ಎಳಕೊಳ್ಳೋರನ್ನ ಹಿಡಿಯೋದ್ರಾಗೇ ಜೀವ್ನಾ ಹೋಯ್ತು. ನನ್ನ ಮೈಯಾಗೇ ಒಬ್ಬಾವ ಕುಂತಾನ, ಗೊತ್ತೇ ಆಗ್ಲಿಲ್ಲ ನೋಡ್ರಿ."

"ಔಷಧ ಕೊಟ್ರ ಅವನ ಪೈಪ್ ಬಂದ್ ಆಗ್ತದೇನ್ರಿ?" ಎಂದೆ ನಾನು.

"ನೋಡೋಣ್ರಿ. ಈ ಪರೀಕ್ಷಾ ಬರೇ ಅಂದಾಜು ಹೇಳ್ತದ. ಇಳದ್ರ ಚಲೋ."

ಇಳಿಯಲಿಲ್ಲ. ಕಾಲುವೆಯಲ್ಲಿ ನೀರೇರಿತು ಎಂದರೆ ಹಿಗ್ಗುವ ಸೀಮೆಯವಳು ನಾನು. ರಕ್ತದಲ್ಲಿ ಇದು ಏರಿತು ಎಂದಾಗಲೆಲ್ಲ ರಿಪೋರ್ಟು ಮಡಚಿ ಚೀಲದ ತಳಕ್ಕೆ ಸೇರಿಸುತ್ತಿದ್ದೆ. ಹೋದ ವಾರ ಡಾಕ್ಟರಮ್ಮ ಔಷಧ ನಿಲ್ಲಿಸಿದರು. "ಇನ್ನ ಮನಿಯಾಗೇ ಇರ್ಲಿ. ನೋವಿಗಿ ಗುಳಿಗಿ ಕೊಡ್ತೀನಿ" ಎಂದಷ್ಟೇ ಹೇಳಿ ಬೇರೆ ಕಡೆ ನೋಡಿದರು. ಬಸ್ಸು ಶಹಾಪುರಕ್ಕೆ ಬಂದಾಗ ಕಿಟಕಿಯಲ್ಲಿ ಮಲಗಿದ ಬುದ್ಧನಂತೆ ಕಾಣುವ ಆ ಗುಡ್ಡ. "ನೋಡು, ಹೆಂಗ ಆರಾಮ ಮಲಗ್ಯಾನ" ಎಂದರು ಇವರು. "ನನಗ ಅಷ್ಟು ನಿದ್ದಿ ಬಂದ್ರ ಸಾಕಾಗ್ಯದ."

ಇವತ್ತು ಸಿಕ್ಕ ಕೇರುಬೀಜವನ್ನು ಸುಡುವಂತೆಯೂ ಇಲ್ಲ, ಅದರ ಹೊಗೆಗೂ ಮೈ ಬಾಯುತ್ತದೆ. ಮುಷ್ಟಿಯಲ್ಲಿ ಹಿಡಿದು ನಿಂತಿದ್ದೆ.

"ಏನದು?" ಎಂದರು ಹಾಸಿಗೆಯಿಂದ.

"ಹುಣಸಿ ಬೀಜ ರೀ."

"ಹೂಂ. ಹುಣಸಿ ಬೀಜಾನ ಹಂಗ್ಯಾಕ ಮುಚ್ಚಿಡ್ತಿ?"

ಹಿತ್ತಲಿಗೆ ಹೋಗಿ ಬಚ್ಚಲ ಕಲ್ಲಿನ ಅಡಿಗೆ ತುರುಕಿ ಬಂದೆ.

ಸಂಜೆ ಅವರು ಎರಡು ಚಮಚ ಅಂಬಲಿ ಕುಡಿದರು. ನಾನು ಬೆಳಗಿನ ರೊಟ್ಟಿ, ಪುಂಡಿಪಲ್ಯ ತಿಂದೆ. ಉಂಡ ಕೈ ಒಣಗುವ ಮೊದಲೇ ಗೊರಕೆ ಹೊಡೆಯುತ್ತಿದ್ದವರು ಅವರು. ಇಂದು ಗೋಡೆಗೊರಗಿ ಮೊದಲು ನಿದ್ದೆ ಹೋದವಳು ನಾನು. ಪಾದಕ್ಕೆ ಒದ್ದೆ ತಾಗಿ ಕಣ್ಣು ಬಿಟ್ಟರೆ, ಇವರು ನನ್ನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಎಂಜಲು ಹಚ್ಚಿದ ಹೆಬ್ಬೆರಳಿನಿಂದ ಅಂಗಾಲಿಗೆ ಹತ್ತಿದ ಒಲೆಮಸಿಯ ಕಪ್ಪು ಚುಕ್ಕಿ ತಿಕ್ಕುತ್ತಿದ್ದರು. ತಿಕ್ಕುವುದು, ಬಗ್ಗಿ ನೋಡುವುದು, ಮತ್ತೆ ತಿಕ್ಕುವುದು. ನಾನು ನಿದ್ದೆಯಲ್ಲಿರುವವಳಂತೆ ಕಣ್ಣು ಮುಚ್ಚಿಕೊಂಡೆ.