ನಾಲ್ಕನೆಯ ಗೆರೆ

ಹೆಬ್ಬೆರಳಿನ ಉಗುರು ನೋಡಿದರೆ ಸಾಕು, ಅಂದು ಅವರ ಮಷೀನಿನಲ್ಲಿ ಯಾವ ಬಣ್ಣ ಓಡುತ್ತಿದೆ ಎಂದು ಹೇಳಬಹುದಿತ್ತು. ಸೀಮೆಎಣ್ಣೆ ಹಾಕಿ ಎಷ್ಟು ತಿಕ್ಕಿದರೂ ಉಗುರಿನ ಅಂಚಿನ ಇಂಕು ಹೋಗುತ್ತಿರಲಿಲ್ಲ. ರಾಜಾಜಿನಗರದಲ್ಲಿ ನಮ್ಮ ಎದುರು ಮನೆಯವರು. ಮುಂದಿನ ಕೋಣೆಯಲ್ಲೇ ಪ್ರೆಸ್ಸು. ನಮಗೆಲ್ಲ ಅವರು ಪ್ರೆಸ್ ಮಾಮ.

ನನ್ನ ಸಂಶೋಧನಾ ಪ್ರಬಂಧಕ್ಕೆ ಅಚ್ಚುಮೊಳೆ ಜೋಡಿಸಿ ಅಚ್ಚು ಹಾಕಿದವರು ಅವರೇ. ಕೆಂಗೇರಿ ಕಡೆಯ ನಾಲ್ಕು ಕೆರೆಗಳ ನೀರು ವರ್ಷವಿಡೀ ಹೇಗೆ ಬದಲಾಯಿತೆಂದು ಕೆರೆಗೊಂದು ಗೆರೆಯಲ್ಲಿ ತೋರಿಸುವ ನಕ್ಷೆಯೇ ಅದರ ಜೀವ. ನಾಲ್ಕೂ ಗೆರೆಗಳು ಕಪ್ಪಿನಲ್ಲಿ ಬಂದು ಸಿಕ್ಕುಬಿದ್ದ ನೂಲಿನಂತೆ ಕಂಡವು. "ಯಾವ ಗೆರೆ ಯಾವ ಕೆರೇದು ಅಂತ ಗೊತ್ತಾಗದಿದ್ರೆ ನೀನು ಕಂಡುಹಿಡಿದಿದ್ದಾದರೂ ಏನಮ್ಮ?" ಎಂದು ಗೈಡ್ ಪುಟ ಹಿಂದಿರುಗಿಸಿದರು. ತಿಂಗಳ ಕೊನೆಗೆ ಸಲ್ಲಿಸದಿದ್ದರೆ ಇನ್ನೊಂದು ವರ್ಷ ಕಾಯಬೇಕಿತ್ತು.

ಗೆರೆಗೊಂದು ಬಣ್ಣ ಬರಲೆಂದು ಮಾಮ ಒಂದೊಂದು ಗೆರೆಗೂ ಬೇರೆ ಅಚ್ಚಿನ ಬ್ಲಾಕು ಮಾಡಿಸಿದರು. ಆದರೆ ಅವರದೊಂದು ಹಟ: ನಾಲ್ಕು ಹಾಳೆಗಾಗಿ ಬಣ್ಣದ ಇಂಕಿನ ಡಬ್ಬ ತೆರೆಯುವವರಲ್ಲ. "ಡಬ್ಬದ ದುಡ್ಡು ನಾನೇ ಕೊಡ್ತೀನಿ ಮಾಮ" ಎಂದೆ.

"ದುಡ್ಡಿನ ಮಾತಲ್ಲಮ್ಮ. ತೆರೆದ ಇಂಕು ಕೆನೆಗಟ್ಟಿ ಹಾಳಾಗತ್ತೆ. ಆ ಬಣ್ಣದ ಕೆಲಸ ಬರಲಿ, ಅದರ ಬೆನ್ನಿಗೇ ನಿಂದೂ ಹಾಕ್ತೀನಿ."

ಒಂದು ಗೆರೆ ಕಪ್ಪಿನಲ್ಲೇ ಉಳಿಯಿತು. ಯಾರದೋ ಮದುವೆ ಕಾರ್ಡಿನ ಬೆನ್ನಿಗೆ ಕೆಂಪು ಗೆರೆ ಬಿತ್ತು. ಶಾಲೆಯೊಂದರ ವಾರ್ಷಿಕೋತ್ಸವದ ಬೆನ್ನಿಗೆ ನೀಲಿ. ಹಸಿರು ಮಾತ್ರ ಯಾರಿಗೂ ಬೇಡ. ಬೆಳಿಗ್ಗೆ ಎದ್ದವಳೇ ಗೇಟಿನಿಂದ ಅವರ ಉಗುರನ್ನು ಇಣುಕಿ ನೋಡುವುದೇ ನನ್ನ ಕೆಲಸವಾಯಿತು. ಹಾಳಾದ ಹಟಮಾರಿ ಎಂದು ಮನಸ್ಸಿನಲ್ಲೇ ಬೈದದ್ದೂ ಉಂಟು.

ಒಂದು ಬೆಳಿಗ್ಗೆ ಉಗುರು ಹಸಿರಾಗಿತ್ತು. ಓಡಿಹೋದೆ. ನನ್ನ ಹಾಳೆಗಳು ಹಗ್ಗದ ಮೇಲೆ ಒಣಗುತ್ತಿದ್ದವು. ನಾಲ್ಕನೆಯ ಗೆರೆ ಕೂದಲೆಳೆಯೂ ಆಚೀಚೆಯಾಗದೆ ತನ್ನ ಚುಕ್ಕೆಗಳ ಮೇಲೆ ಕುಳಿತಿತ್ತು. ಯಾರ ಕೆಲಸ ಬಂತೆಂದು ಕೇಳಿದೆ. ಮಾಮ ಪಕ್ಕದ ಕಟ್ಟನ್ನು ತೋರಿಸಿದರು. ಅವರ ಮಗಳ ಲಗ್ನಪತ್ರಿಕೆಗಳು, ಅಷ್ಟೂ ಹಸಿರು.

"ಊರಿಗೆಲ್ಲ ಕೆಂಪು, ನಮ್ಮ ಮಗಳಿಗೆ ಹಸಿರು. ಬೀಗರಿಗೆ ಏನಂತ ಹೇಳೋದು?" ಎಂದು ಮಾಮಿ ಬಾಗಿಲಲ್ಲಿ ನಿಂತು ಗೊಣಗುತ್ತಿದ್ದರು.

"ಹೆಣ್ಣಿನ ಕೈಗೆ ಹಸಿರು ಬಳೆ, ಚಪ್ಪರಕ್ಕೆ ಹಸಿರು ತೋರಣ. ಕಾರ್ಡಿಗೆ ಮಾತ್ರ ಬೇಡ್ವೇನೇ?" ಎಂದರು ಮಾಮ. ನನಗೆ ಅಳು ಬಂತು.

ಮೌಖಿಕ ಪರೀಕ್ಷೆಯ ದಿನ ಪರೀಕ್ಷಕರು ಆ ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದು, ಹಸಿರು ಗೆರೆಯ ಮೇಲೆ ಕೊನೆಯವರೆಗೂ ಬೆರಳಾಡಿಸಿದರು. "ಎಲ್ಲಿ ಹಾಕಿಸಿದ್ರಿ ಇದನ್ನ?"

"ನಮ್ಮ ಎದುರು ಮನೇಲಿ ಸಾರ್." ಅಷ್ಟು ಗರ್ವದಿಂದ ನಾನು ಯಾವ ಪ್ರಶ್ನೆಗೂ ಉತ್ತರ ಕೊಟ್ಟಿಲ್ಲ. ಪಾಸಾದೆ. ಆಮೇಲೆ ಮಾಮ ಬಂದ ಗಿರಾಕಿಗಳಿಗೆಲ್ಲ ಆ ಪುಟ ತೋರಿಸಿ "ನಮ್ಮ ಹುಡುಗೀದು" ಎನ್ನುತ್ತಿದ್ದರು.

ವರ್ಷಗಳ ಮೇಲೆ ಮಾಮ ತೀರಿಕೊಂಡಾಗ ಮಗಳು ತನ್ನ ಲಗ್ನಪತ್ರಿಕೆ ತೆಗೆದು ತೋರಿಸಿದಳು. ಹಸಿರು ಒಂದಿಷ್ಟೂ ಮಾಸಿರಲಿಲ್ಲ.

"ಇದರ ಬೆನ್ನಿಗೆ ನನ್ನ ನಕ್ಷೆ ಬಿತ್ತು" ಎಂದೆ.

"ಇಲ್ಲ ಅಕ್ಕ, ಅವತ್ತು ನಾನೇ ಪಕ್ಕದಲ್ಲಿ ನಿಂತಿದ್ದೆ. ಮೊದಲು ಹಾಕಿದ್ದು ನಿಮ್ಮ ಹಾಳೆ. ಅದರ ಬೆನ್ನಿಗೆ ನನ್ನ ಮದುವೆ."